ಸಲಹೆಗೆ ಬೇರೆ ದರ

ಚಿಂತಾಮಣಿಯ ಚೇಳೂರು ಸರ್ಕಲ್ಲಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಚೆನ್ನಕೇಶವನ ತೆರಿಗೆ ಸಲಹಾ ಕಚೇರಿ ಇತ್ತು. ಊರಿನ ಅರ್ಧದಷ್ಟು ವ್ಯಾಪಾರಸ್ಥರ ಲೆಕ್ಕ ಅಲ್ಲಿಯೇ ಆಗುತ್ತಿತ್ತು. ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂದ ಮೇಲೂ ಅವರೆಲ್ಲ ಅದೇ ಮೆಟ್ಟಿಲು ಹತ್ತಿ ಬಂದರು. ಯುಗಾದಿಯ ಆಸುಪಾಸಿನಲ್ಲಿ ಒಬ್ಬೊಬ್ಬರೂ ತಮಗೆ ತೋಚಿದಷ್ಟು ಫೀಸು ಕೊಟ್ಟು, ಜೊತೆಗೆ ಒಂದು ಚೀಲ ಕಡಲೆಕಾಯಿಯನ್ನೋ ಒಂದು ಬುಟ್ಟಿ ಮಾವಿನಕಾಯಿಯನ್ನೋ ಇಟ್ಟು ಹೋಗುತ್ತಿದ್ದರು. ಕೊಟ್ಟವರಿಗೆ ಹೆಚ್ಚಾಯಿತು ಅನ್ನಿಸುತ್ತಿತ್ತು, ತೆಗೆದುಕೊಂಡವನಿಗೆ ಕಡಿಮೆಯಾಯಿತು ಅನ್ನಿಸುತ್ತಿತ್ತು. ಎರಡೂ ಕಡೆ ಅಸಮಾಧಾನ ಸಮಸಮವಾಗಿದ್ದುದರಿಂದ ವ್ಯವಹಾರ ಚೆನ್ನಾಗಿಯೇ ನಡೆಯುತ್ತಿತ್ತು.

ಕಚೇರಿಯಲ್ಲಿ ಕೆಲಸಕ್ಕೆ ಇಬ್ಬರಿದ್ದರು. ಕನಕಲಕ್ಷ್ಮಿ ಕಚೇರಿ ತೆರೆದ ದಿನದಿಂದಲೂ ಇದ್ದವಳು, ವಯಸ್ಸು ಐವತ್ತು ದಾಟಿತ್ತು. ಬಂದವರನ್ನು ಕೂರಿಸಿ, ಮನೆಯವರ ಆರೋಗ್ಯ, ಮಕ್ಕಳ ಓದು, ಸೊಸೆಯ ಬಾಣಂತನ ಎಲ್ಲವನ್ನೂ ವಿಚಾರಿಸುತ್ತ, ಆ ಮಾತಿನ ನಡುವೆಯೇ ಅವರ ಬಿಲ್ಲುಗಳನ್ನು ಜೋಡಿಸಿ, ಯಾವುದು ಕಡಿಮೆಯಿದೆಯೋ ಅದನ್ನು ಕೇಳಿ ತರಿಸಿಕೊಳ್ಳುತ್ತಿದ್ದಳು. ಗಂಗರಾಜು ಬಿ.ಕಾಂ. ಮುಗಿಸಿ ಬಂದವನು, ಮೂವತ್ತರ ಹತ್ತಿರದವನು. ಕಂಪ್ಯೂಟರಿನ ಮೇಲೆ ಅವನ ಬೆರಳು ಓಡುವುದನ್ನು ನೋಡಲೆಂದೇ ಕೆಲವರು ಹೊತ್ತು ಕಳೆಯುತ್ತಿದ್ದರು. ಚಲನ್ ಕಟ್ಟಿ ಬರುವುದು, ರಿಟರ್ನ್ ತುಂಬುವುದು, ಆಂಧ್ರದ ಗಡಿಯ ಕಡೆಯಿಂದ ಬಂದವರಿಗೆ ತೆಲುಗಿನಲ್ಲಿ ಕಾನೂನು ಬಿಡಿಸಿ ಹೇಳುವುದು, ಎಲ್ಲವನ್ನೂ ಅವನು ಮಾಡುತ್ತಿದ್ದ. ಯಾರು ಯಾವ ಕೆಲಸ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಕೆಲಸ ಬಂದು ಯಾರ ಮೇಜಿನ ಮುಂದೆ ನಿಂತಿತೋ ಅವರು ಅದನ್ನು ಮುಗಿಸುತ್ತಿದ್ದರು.

2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಚಿಂತಾಮಣಿ ಕೋಲಾರವನ್ನು ಬಿಟ್ಟು ಅದಕ್ಕೆ ಸೇರಿತು. ಊರು ಇದ್ದಲ್ಲೇ ಇದ್ದರೂ ಚೆನ್ನಕೇಶವನಿಗೆ ತಾನು ಎಲ್ಲಿಗೋ ಮುಂದೆ ಬಂದಂತೆ ಅನ್ನಿಸಿತು. ಹೊಸ ಜಿಲ್ಲೆ, ಪಕ್ಕದಲ್ಲೇ ಹೊಸ ವಿಮಾನ ನಿಲ್ದಾಣ, ಎಲ್ಲರ ಬಾಯಲ್ಲೂ ಸೈಟಿನ ಮಾತು. ಹೀಗಿರುವಾಗ ತನ್ನ ಕಚೇರಿಯಲ್ಲಿ ಇನ್ನೂ ಕಡಲೆಕಾಯಿ ಚೀಲ ಬಂದು ಬೀಳುತ್ತಿರುವುದು ಅವನಿಗೆ ನಾಚಿಕೆ ತಂದಿತು. ಆಗಲೇ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ತೆರಿಗೆ ಸಲಹೆಗಾರರಿಗಾಗಿ ಎರಡು ದಿನದ ತರಬೇತಿ ನಡೆಯಿತು. ಅಲ್ಲಿ ಕೋಟು ಹಾಕಿದ ಒಬ್ಬ ಯುವಕ ಪರದೆಯ ಮೇಲೆ ಬಣ್ಣದ ಚೌಕಗಳನ್ನು ತೋರಿಸುತ್ತ, ನೌಕರನೆಂದರೆ ಒಬ್ಬ ವ್ಯಕ್ತಿಯಲ್ಲ, ಅವನು ಮಾಡುವ ಕೆಲಸಗಳ ಒಂದು ಕಟ್ಟು, ಪ್ರತಿ ಕೆಲಸಕ್ಕೂ ಬೇರೆ ದರ ಹಾಕದವನು ಚಿನ್ನವನ್ನೂ ಹಿತ್ತಾಳೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮಾರುತ್ತಿದ್ದಾನೆ ಎಂದ. ಚೆನ್ನಕೇಶವ ಬಸ್ಸಿನಲ್ಲಿ ವಾಪಸು ಬರುವಾಗ ಹೊಸಕೋಟೆ ದಾಟುವವರೆಗೂ ಆ ಮಾತನ್ನೇ ಮೆಲುಕು ಹಾಕಿದ.

ಮರುದಿನ ಇಬ್ಬರನ್ನೂ ಒಳಗೆ ಕರೆದು ಕೂರಿಸಿದ.

"ಗಂಗರಾಜು, ನೀನು ಒಬ್ಬ ಅಲ್ಲಪ್ಪ. ನಾಲ್ಕು ಜನ."

"ಏನ್ ಸಾರ್?"

"ಚಲನ್ ಕಟ್ಟೋಕೆ ಬ್ಯಾಂಕಿಗೆ ಹೋಗ್ತೀಯಲ್ಲ, ಆಗ ನೀನು ಒಬ್ಬ. ಟೈಪ್ ಮಾಡ್ತೀಯಲ್ಲ, ಆಗ ಇನ್ನೊಬ್ಬ. ಲೆಕ್ಕ ಹಾಕಿ ರಿಟರ್ನ್ ತಯಾರು ಮಾಡುವಾಗ ಮೂರನೆಯವನು. ಪಾರ್ಟಿಗೆ ಕಾನೂನು ಹೇಳುವಾಗ ನಾಲ್ಕನೆಯವನು. ನಾಲ್ಕೂ ಜನಕ್ಕೆ ನಾಲ್ಕು ರೇಟು."

"ಸಂಬಳ ಸಾರ್?"

"ಸಂಬಳ ಒಬ್ಬನಿಗೇ."

ಕನಕಲಕ್ಷ್ಮಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ನಾನು ಎಷ್ಟು ಜನ ಸಾರ್?" ಎಂದು ಕೇಳಿದಳು.

"ನೀವೂ ನಾಲ್ಕೇ ಕನಕಮ್ಮೋರೇ. ಆದ್ರೆ ಅನುಭವ ಜಾಸ್ತಿ ಅಲ್ವಾ, ಒಂದೊಂದೂ ಗಂಗರಾಜುಗಿಂತ ಸ್ವಲ್ಪ ದುಬಾರಿ."

ಆಕೆಗೆ ಅದು ಹೊಗಳಿಕೆಯೆಂದೇ ಕೇಳಿಸಿತು. ಕನ್ನಡಕ ಹಾಕಿಕೊಂಡು ತನ್ನ ಮೇಜಿಗೆ ಮರಳಿದಳು.

ಒಂದು ವಾರದೊಳಗೆ ಬಾಗಿಲಿನ ಎದುರಿಗೇ ಬೋರ್ಡು ಬಂತು. ಓಡಾಟ, ಟೈಪಿಂಗ್, ತಯಾರಿ, ಸಲಹೆ ಎಂದು ಕೆಳಗಿನಿಂದ ಮೇಲಕ್ಕೆ ಬೆಲೆಯೇರುವ ನಾಲ್ಕು ಸಾಲು. ಪಕ್ಕದಲ್ಲಿ ಮೂವರ ಹೆಸರು, ಗಂಟೆಗೆ ಇಷ್ಟು ಎಂದು. ಟೈಪಿಂಗ್ ಎಂದರೆ ಪಾರ್ಟಿ ತಂದದ್ದನ್ನು ಇದ್ದದ್ದು ಇದ್ದಂತೆ ಹೊಡೆಯುವುದು, ತಪ್ಪು ಒಪ್ಪು ನೋಡುವುದು ಸಲಹೆ ಎಂದು ಸಣ್ಣ ಅಕ್ಷರದಲ್ಲಿ ವಿವರಣೆಯೂ ಇತ್ತು. ಕಂಪ್ಯೂಟರಿನಲ್ಲಿ ಇಬ್ಬರೂ ಕಾಲು ಗಂಟೆಗೊಮ್ಮೆ ತಾವು ಮಾಡುತ್ತಿರುವ ಕೆಲಸದ ಬಗೆಯನ್ನು ಒತ್ತಬೇಕು. ಬಿಲ್ಲಾಗುವ ಸಮಯ ಹಸಿರು, ಆಗದ ಸಮಯ ಕೆಂಪು. ತಿಂಗಳ ಕೊನೆಗೆ ಹಸಿರಿನ ಮೇಲೆ ಬೋನಸ್ಸು.

ಮೊದಲು ಬಂದವನು ಕೋನಪ್ಪ. ಊರ ಹೊರಗೆ ಅವನದೊಂದು ಕಡಲೆಕಾಯಿ ಎಣ್ಣೆಯ ಮಿಲ್ಲಿತ್ತು. ಮಿಲ್ಲು ಚಿಕ್ಕದು, ಮಾತು ದೊಡ್ಡದು. ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಓದಿದ.

"ಏನ್ ಸ್ವಾಮಿ, ಹೋಟ್ಲು ಇಟ್ಬಿಟ್ರಾ? ಮಸಾಲೆ ದೋಸೆ ಎಲ್ಲಿ ಬರ್ದಿದೀರಿ?"

ಚೆನ್ನಕೇಶವ ನಗದೆ ಎಲ್ಲವನ್ನೂ ವಿವರಿಸಿದ. ಕೋನಪ್ಪ ಗಮನವಿಟ್ಟು ಕೇಳಿದ. ವ್ಯಾಪಾರದ ಮಾತು ಅವನಿಗೆ ಬೇಗ ತಲೆಗೆ ಹತ್ತುತ್ತಿತ್ತು.

"ಟೈಪಿಂಗ್ ಬೇಗ ಹೊಡೆಯೋರು ಯಾರು?"

"ಗಂಗರಾಜು."

"ರೇಟು ಕಡಿಮೆ ಯಾರ್ದು?"

"ಅದೂ ಗಂಗರಾಜುದೇ."

"ಹಂಗಾದ್ರೆ ಕನಕಮ್ಮನ ಹತ್ರ ಯಾವ ಹುಚ್ಚ ಹೋಗ್ತಾನೆ?" ಎಂದವನು, ಆಕೆ ಅಲ್ಲೇ ಕೂತಿರುವುದನ್ನು ನೋಡಿ ನಾಲಿಗೆ ಕಚ್ಚಿಕೊಂಡ. "ನಿಮ್ಮನ್ನಲ್ಲಮ್ಮ, ರೇಟನ್ನ ಅಂದೆ."

ಬೋರ್ಡು ಹಾಕಿದವನಿಗೆ ಹೊಳೆಯದ ಲೆಕ್ಕ ಕೋನಪ್ಪನಿಗೆ ಹೊಳೆದಿತ್ತು, ಮತ್ತು ಅದು ಒಂದೇ ತಿಂಗಳಲ್ಲಿ ಮಂಡಿ ಬೀದಿಯಲ್ಲೆಲ್ಲ ಹರಡಿತು. ಎಲ್ಲರೂ ಗಂಗರಾಜುವಿನ ಟೈಪಿಂಗನ್ನೇ ಕೇಳತೊಡಗಿದರು. ತಯಾರಿ ಮನೆಯಲ್ಲೇ ಮಾಡಿಕೊಂಡು ಬಂದರು. ಮಕ್ಕಳ ಟ್ಯೂಷನ್ ಮೇಷ್ಟರ ಕೈಯಲ್ಲಿ, ಮೈದುನನ ಕೈಯಲ್ಲಿ, ಯಾರ ಕೈಯಲ್ಲಾದರೂ ಕೂಡಿಸಿ ಕಳೆಸಿಕೊಂಡು ಹಾಳೆ ತಂದರು. ಸಲಹೆಯನ್ನಂತೂ ಯಾರೂ ಕೊಳ್ಳಲಿಲ್ಲ. ಚೆನ್ನಕೇಶವ ಗಾಜಿನ ಕೋಣೆಯಲ್ಲಿ ಅತ್ಯಂತ ಹೆಚ್ಚಿನ ದರದಲ್ಲಿ ಸುಮ್ಮನೆ ಕೂತಿರುತ್ತಿದ್ದ. ಗಂಗರಾಜು ಊಟಕ್ಕೂ ಏಳದೆ ಟೈಪ್ ಮಾಡುತ್ತಿದ್ದ. ಕನಕಲಕ್ಷ್ಮಿಯ ಮುಂದಿನ ಕುರ್ಚಿಯಲ್ಲಿ ಕೂರುವುದಕ್ಕೆ ಜನ ಹೆದರುತ್ತಿದ್ದರು. ಆಕೆಯ ಕಂಪ್ಯೂಟರು ಬೆಳಗಿನಿಂದ ಸಂಜೆಯವರೆಗೆ ಕೆಂಪಗೆ ಉರಿಯುತ್ತಿತ್ತು.

"ಅಕ್ಕ, ಏನಾದ್ರೂ ಒತ್ಬಿಡಿ," ಎಂದ ಗಂಗರಾಜು ಒಂದು ದಿನ. "ತಯಾರಿ ಅಂತ ಒತ್ಬಿಡಿ. ಯಾರು ನೋಡ್ತಾರೆ?"

"ಯಾರ ಬಿಲ್ಲಿಗೆ ಒತ್ಲಿ? ಪಾಪ, ಅವರೇನು ಮಾಡಿದಾರೆ?" ಎಂದಳು ಆಕೆ. ಮೂರು ಹೊತ್ತೂ ಮಾತಾಡುತ್ತಿದ್ದವಳು ಹಳೆಯ ಫೈಲುಗಳ ಧೂಳು ಒರೆಸುತ್ತ ದಿನ ತಳ್ಳಿದಳು. ಧೂಳು ಒರೆಸುವುದೂ ಕೆಂಪೇ.

ಅಷ್ಟರಲ್ಲಿ ಅಮ್ಮಾಜಮ್ಮನ ಗಲಾಟೆ ಆಯಿತು. ಅಮ್ಮಾಜಮ್ಮನಿಗೆ ಪೆರೇಸಂದ್ರದ ಹೈವೇ ಮೇಲೆ ಸಿಮೆಂಟು, ಕಬ್ಬಿಣದ ಅಂಗಡಿಯಿತ್ತು. ತವರು ಚಿಂತಾಮಣಿಯಾದ್ದರಿಂದ ಲೆಕ್ಕವನ್ನು ಇಲ್ಲಿಯೇ ಮಾಡಿಸುತ್ತಿದ್ದಳು. ಅವಳ ಸಹಿ ತರುವುದಕ್ಕೆಂದು ಗಂಗರಾಜು ಪೆರೇಸಂದ್ರಕ್ಕೆ ಹೋದ. ಅದು ಓಡಾಟ. ಅಲ್ಲಿ ಗಲ್ಲಾದ ಪಕ್ಕ ಮುಳ್ಳಿಗೆ ಚುಚ್ಚಿಟ್ಟಿದ್ದ ಸಿಮೆಂಟಿನ ಬಿಲ್ಲುಗಳ ಮೇಲೆ ಅವನ ಕಣ್ಣು ಬಿತ್ತು. ಮಾರಿದವನ ತೆರಿಗೆ ನಂಬರೇ ಇರಲಿಲ್ಲ. "ಅಮ್ಮಾ, ನಂಬರಿಲ್ದೆ ಬಿಲ್ ತಗೊಂಡ್ರೆ ನೀವು ಕಟ್ಟಿರೋ ಟ್ಯಾಕ್ಸು ಮುಂದೆ ಕಟ್ಟೋದ್ರಲ್ಲಿ ಮುರ್ಕೊಳ್ಳಕ್ಕಾಗಲ್ಲ. ಬೇರೆ ಬಿಲ್ ಕೇಳಿ," ಎಂದು ಹೇಳಿ ಬಂದ. ಪ್ರಾಮಾಣಿಕನಾದ್ದರಿಂದ ಕಾಲು ಗಂಟೆ ಸಲಹೆ ಎಂದು ಒತ್ತಿದ. ಬಿಲ್ಲು ಹೋಯಿತು. ಬಿಲ್ಲಿನ ಹಿಂದೆಯೇ ಅಮ್ಮಾಜಮ್ಮ ಬಂದಳು.

"ನಾನು ಕೇಳಿದ್ನಾ ಅವನ್ನ?" ಎಂದು ಬಾಗಿಲಿನಿಂದಲೇ ಶುರು ಮಾಡಿದಳು. "ಅವನಾಗವನೇ ಹೇಳ್ದ. ದಾರೀಲಿ ಹೋಗೋನು 'ಹುಷಾರು ಕಣಮ್ಮ, ಮುಂದೆ ಗುಂಡಿ ಇದೆ' ಅಂದ್ರೆ ಅವನಿಗೆ ದುಡ್ಡು ಕೊಡ್ತಾರಾ?"

"ಅವನು ಹೇಳಿದ್ದರಿಂದ ನಿಮಗೆ ಲಾಭ ಆಯ್ತಲ್ಲಮ್ಮ," ಎಂದ ಚೆನ್ನಕೇಶವ.

"ಆಯ್ತು. ಅದಕ್ಕೇ ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದ್ನೋ ಇಲ್ವೋ ಕೇಳಿ. ಮಜ್ಜಿಗೆ ರೇಟು ಕಳೀರಿ ಹಂಗಾದ್ರೆ."

ಸಲಹೆಯ ಬಿಲ್ಲನ್ನು ಅವಳು ಕಟ್ಟಲಿಲ್ಲ. ಚೆನ್ನಕೇಶವ ಅದನ್ನು ಗಂಗರಾಜುವಿನ ಬೋನಸ್ಸಿನಲ್ಲಿ ಮುರಿದುಕೊಂಡ. ಅವನು ಕೆಟ್ಟವನಲ್ಲ, ತರಬೇತಿಯಲ್ಲಿ ಹಾಗೆ ಹೇಳಿದ್ದರು. "ಯಾವ ಕೆಲಸದಲ್ಲಿ ಇರ್ತೀಯೋ ಆ ಕೆಲಸದಲ್ಲೇ ಇರ್ಬೇಕಪ್ಪ," ಎಂದು ಬುದ್ಧಿ ಹೇಳಿದ. "ಓಡಾಟಕ್ಕೆ ಹೋದೋನು ಓಡಾಡ್ಬೇಕು. ಅಲ್ಲಿ ಇಲ್ಲಿ ಕಣ್ಣು ಹಾಕ್ಬಾರ್ದು. ಪಾರ್ಟಿ ಕೇಳಿದ್ರೆ ಮಾತ್ರ ಬಾಯಿ ಬಿಡು."

ಗಂಗರಾಜು ತಲೆಯಾಡಿಸಿದ.  ಮೂರು ದಿನ ಕೀಲಿಗಳನ್ನು ಕುಟ್ಟಿ ಕುಟ್ಟಿ ಟೈಪ್ ಮಾಡಿದ.

ಆ ತಿಂಗಳ ರಿಟರ್ನ್ ಕೊಡುವ ಕೊನೆಯ ದಿನ ಕೋನಪ್ಪ ಹಾಳೆ ಹಿಡಿದು ಬಂದ. ಲೆಕ್ಕವನ್ನು ತಾನೇ ಕೂತು ಬರೆದಿದ್ದ. "ತಯಾರಿ ಬ್ಯಾಡ, ಸಲಹೆ ಬ್ಯಾಡ, ಬರೀ ಟೈಪಿಂಗು. ಕಾಲು ಗಂಟೇಲಿ ಮುಗಿಸ್ಬೇಕು," ಎಂದು ಗಂಗರಾಜುವಿನ ಪಕ್ಕ ಕೂತು ಗಡಿಯಾರ ನೋಡತೊಡಗಿದ.

ಗಂಗರಾಜು ಹೊಡೆಯುತ್ತ ಹೋದ. ತಿಂಗಳ ಒಟ್ಟು ಮಾರಾಟದ ಸಾಲಿಗೆ ಬಂದಾಗ ಬೆರಳು ನಿಂತಿತು. ಕೋನಪ್ಪ ಕೊನೆಯಲ್ಲಿ ಒಂದು ಸೊನ್ನೆ ಹೆಚ್ಚಿಗೆ ಹಾಕಿದ್ದ. ಲಕ್ಷಗಳಲ್ಲಿ ಇರಬೇಕಾದ ವ್ಯಾಪಾರ ಕೋಟಿಗೆ ಹೋಗಿ ಕೂತಿತ್ತು. ಗಂಗರಾಜು ಗಂಟಲು ಸರಿಮಾಡಿಕೊಂಡ.

"ಕೋನಪ್ಪನೋರೇ, ಇದನ್ನ ಒಂದ್ಸಲ ನೋಡ್ಬಿಡ್ತೀರಾ?"

"ನಾನ್ಯಾಕೆ ನೋಡ್ಲಿ? ನೋಡಿದ್ರೆ ನೀನು ಏನೋ ಹೇಳ್ತೀಯ, ನಾನು ಏನೋ ಕೇಳ್ತೀನಿ, ಆಮೇಲೆ ಸಲಹೆ ಅಂತ ಒತ್ತೀಯ. ಅಮ್ಮಾಜಮ್ಮನ ಕತೆ ನಂಗೊತ್ತಿಲ್ವಾ? ಹೊಡಿಯಪ್ಪ ಸುಮ್ನೆ."

"ಒಂದೇ ಒಂದು ಮಾತು..."

"ವದ್ದಪ್ಪಾ, ವದ್ದು!" ಎಂದು ತೆಲುಗಿನಲ್ಲಿ ಬೇಡಬೇಡವೆನ್ನುತ್ತ ಕೋನಪ್ಪ ಎರಡೂ ಕಿವಿಗೆ ಕೈ ಹಚ್ಚಿಕೊಂಡ.

ಗಂಗರಾಜು ಗಾಜಿನ ಕೋಣೆಯ ಕಡೆ ನೋಡಿದ. ಚೆನ್ನಕೇಶವ ಅವನ ಕಡೆಯೇ ನೋಡುತ್ತ, ಕೆಲಸ ನಡೀಲಿ ಎನ್ನುವಂತೆ ಕೈಯಾಡಿಸಿದ. ಗಂಗರಾಜು ಸೊನ್ನೆ ಹೊಡೆದ. ಹೊಡೆದ ಕ್ಷಣ ಅವನಿಗೆ ಒಂದು ಬಗೆಯ ತೃಪ್ತಿಯೂ ಆಯಿತು, ಸಂಜೆ ಮನೆಗೆ ಹೋಗುವಷ್ಟರಲ್ಲಿ ಅದು ಅಳುಕಾಗಿ ಬದಲಾಗಿತ್ತು. ಹೆಂಡತಿ ಯಾಕೆ ಊಟ ಸೇರಲಿಲ್ಲ ಎಂದು ಕೇಳಿದಾಗ, "ಟೈಪಿಂಗ್ ಜಾಸ್ತಿ ಆಯ್ತು ಕಣೇ," ಎಂದ.

ಕೆಲವು ವಾರಗಳ ಮೇಲೆ ತೆರಿಗೆ ಕಚೇರಿಯಿಂದ ಕೋನಪ್ಪನಿಗೆ ನೋಟೀಸು ಬಂತು. ಅದರ ಮೊದಲ ಪ್ಯಾರಾದಲ್ಲಿ ತಮ್ಮ ಮಿಲ್ಲಿನ ಮಾಸಿಕ ವಹಿವಾಟು ಇಷ್ಟು ಕೋಟಿ ಎಂದು ತಾವು ಘೋಷಿಸಿದ್ದೀರಿ ಎಂದಿತ್ತು. ಕೋನಪ್ಪ ಅಷ್ಟೇ ಓದಿದ. ಸರ್ಕಾರಿ ಸೀಲು, ಸಹಿ, ಕೆಳಗೆ ಮೊಹರು. ನೇರವಾಗಿ ಮಾರ್ಕೆಟ್ ಯಾರ್ಡಿನ ಟೀ ಅಂಗಡಿಗೆ ಹೋಗಿ, ಟೊಮೇಟೊ ಮಂಡಿಯವರ ನಡುವೆ ಅದನ್ನು ಗಟ್ಟಿಯಾಗಿ ಓದಿದ. "ನಾನ್ ಹೇಳಿದ್ರೆ ನಗ್ತಿದ್ರಲ್ಲ, ಈಗ ಗೌರ್ಮೆಂಟೇ ಹೇಳ್ತಾ ಇದೆ ನೋಡ್ರಪ್ಪ." ಎಲ್ಲರಿಗೂ ಅವನೇ ಟೀ ಕೊಡಿಸಿದ.

ಅದೇ ವಾರ ಗಣೇಶನ ಚಂದಾದವರು ಮೊದಲು ಅವನ ಮಿಲ್ಲಿಗೇ ಬಂದರು. ಒಂದು ಬ್ಯಾಂಕಿನ ಮ್ಯಾನೇಜರು ಸ್ವತಃ ಬಂದು ಸಾಲ ಬೇಕಾ ಎಂದು ಕೇಳಿ ಹೋದ. ಗೌರಿಬಿದನೂರಿನಿಂದ ಅವನ ಎರಡನೇ ಮಗನಿಗೆ ಹೆಣ್ಣಿನ ಕಡೆಯವರು ಹೇಳಿ ಕಳಿಸಿದರು. ಕೋನಪ್ಪ ಹೊಸ ಶರ್ಟು ಹೊಲಿಸಿದ. ಇಷ್ಟೆಲ್ಲ ಆದ ಮೇಲೆ, ಮಗ ಒಂದು ಸಂಜೆ ನೋಟೀಸಿನ ಎರಡನೇ ಪ್ಯಾರಾ ಓದಿ ಹೇಳಿದ. ಅಷ್ಟು ವಹಿವಾಟಿಗೆ ಕಟ್ಟಬೇಕಾದ ತೆರಿಗೆ, ಅದರ ಮೇಲೆ ದಂಡ, ಅದರ ಮೇಲೆ ಬಡ್ಡಿ. ಮಿಲ್ಲು ಮಾರಿದರೂ ಸಾಲದಷ್ಟಿತ್ತು.

ಮರುದಿನ ಕೋನಪ್ಪ ಚಪ್ಪಲಿ ಹಾಕಿಕೊಂಡೇ ಕಚೇರಿಯೊಳಕ್ಕೆ ನುಗ್ಗಿದ. ಚೆನ್ನಕೇಶವ ನೋಟೀಸು ಓದಿ, ಹಾಳೆ ತರಿಸಿ ನೋಡಿ, ಗಂಗರಾಜುವನ್ನು ಕರೆದ.

"ಈ ಸೊನ್ನೆ ನೋಡ್ಲಿಲ್ವಾ ನೀನು?"

"ನೋಡ್ದೆ ಸಾರ್."

"ನೋಡಿ?"

"ಟೈಪಿಂಗಲ್ಲಿದ್ದೆ ಸಾರ್. ನೋಡೋದು ಸಲಹೆ."

ಕೋನಪ್ಪ ಕೂಗಿದ, "ಬಾಯಿ ಬಿಟ್ಟು ಹೇಳಕ್ಕೇನಾಗಿತ್ತೋ ನಿಂಗೆ?"

"ನೀವು ಕಿವಿ ಮುಚ್ಕೊಂಡಿದ್ರಿ."

 ಕೋನಪ್ಪ ಆ ದಿನ ನೆನಪಾಗಿ ಕುರ್ಚಿಯಲ್ಲಿ ಕೂತ. ಚೆನ್ನಕೇಶವ ಬೈಯಲೆಂದು ತೆರೆದ ಬಾಯಿ ಹಾಗೇ ಇತ್ತು. ಬೈಯಲು ಬೇಕಾದ ಒಂದೊಂದು ಮಾತೂ ಬೋರ್ಡಿನ ಮೇಲೆ ತಾನೇ ಬರೆಸಿದ್ದಕ್ಕೆ ಅಡ್ಡ ಬರುತ್ತಿತ್ತು. ಕೊನೆಗೆ ಅವನು, "ತಪ್ಪಾಯ್ತು ಕೋನಪ್ಪನೋರೇ. ನಾನೇ ಸರಿ ಮಾಡಿಸ್ತೀನಿ," ಎಂದ.

"ಇದಕ್ಕೆ ಗಂಟೆಗೆ ಎಷ್ಟು?" ಎಂದ ಕೋನಪ್ಪ.

ಸರಿಮಾಡುವುದು ಅಷ್ಟು ಕಷ್ಟವಿರಲಿಲ್ಲ. ತಿದ್ದಿದ ರಿಟರ್ನ್ ಕೊಡಲು ಕಾಲಾವಕಾಶವಿತ್ತು. ಚೆನ್ನಕೇಶವ ಸ್ವತಃ ಮಿಲ್ಲಿನ ಬಿಲ್ಲುಗಳನ್ನೆಲ್ಲ ಹೊತ್ತು ತೆರಿಗೆ ಕಚೇರಿಗೆ ಅಲೆದು, ಅಧಿಕಾರಿಯ ಮುಂದೆ ಒಂದೊಂದನ್ನೂ ತೋರಿಸಿ ನೋಟೀಸು ಹಿಂದಕ್ಕೆ ತೆಗೆಸಿದ. ಆ ಅಲೆದಾಟವನ್ನು ಯಾವ ಬಣ್ಣದಲ್ಲಿ ಒತ್ತಬೇಕೆಂದು ಅವನಿಗೆ ತಿಳಿಯಲಿಲ್ಲ. ಒತ್ತಲೂ ಇಲ್ಲ.

ವಿಷಯ ತಿಳಿಸಿದಾಗ ಕೋನಪ್ಪ ಕೈ ಮುಗಿದ. ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದ.

"ಸ್ವಾಮಿ, ಸರಿಮಾಡಿದ್ದು ಸರಿಮಾಡಿದ್ರಿ. ಅದನ್ನ ಯಾರಿಗೂ ಹೇಳಕ್ಕೆ ಹೋಗ್ಬೇಡಿ. ಗೌರಿಬಿದನೂರಿನೋರು ಬರೋರಿದಾರೆ. ಸುಮ್ನಿರೋದಕ್ಕೆ ಏನ್ ರೇಟು ಹೇಳಿ, ಕೊಡ್ತೀನಿ."

ಚೆನ್ನಕೇಶವನ ಪಟ್ಟಿಯಲ್ಲಿ ಅದಿರಲಿಲ್ಲ. "ಹೋಗ್ಬನ್ನಿ," ಎಂದು ಕಳಿಸಿದ.

ಹೆಣ್ಣಿನ ತಂದೆ ಮುನಿಶಾಮಪ್ಪ ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಹುಡುಗನ ಮನೆಗೆ ಹೋಗುವ ಮೊದಲು ಹುಡುಗನ ತಂದೆಯ ಲೆಕ್ಕ ಬರೆಯುವವರನ್ನು ಕಂಡು ಬರೋಣ ಎಂದು ಒಂದು ಶನಿವಾರ ಕಚೇರಿಗೆ ಬಂದು, ಬಾಗಿಲಲ್ಲೇ ತನ್ನ ಹೆಸರು, ಊರು ಹೇಳಿದ. ಬೋರ್ಡನ್ನು ಓದಿ ಅವನಿಗೆ ಸಂತೋಷವೇ ಆಯಿತು. ನೇರವಾಗಿ ಗಾಜಿನ ಕೋಣೆಗೆ ಹೋಗಿ, "ಸಾರ್, ಸಲಹೆ ಒಂದು ಗಂಟೆ ಕೊಡಿ. ನಿಮ್ದೇ ಬೇಕು, ದೊಡ್ಡ ರೇಟಿಂದು," ಎಂದು ಕೂತ.

ಬೋರ್ಡು ಹಾಕಿದಂದಿನಿಂದ ಚೆನ್ನಕೇಶವನ ಸಲಹೆಯನ್ನು ಪೂರ್ತಿ ದರಕ್ಕೆ ಕೇಳಿ ಬಂದವನು ಇವನೊಬ್ಬನೇ. ಚೆನ್ನಕೇಶವ ಫ್ಯಾನು ಜೋರು ಮಾಡಿದ, ಎಳನೀರು ತರಿಸಿದ. "ಹೇಳಿ," ಎಂದ.

"ಕೋನಪ್ಪನ ವಹಿವಾಟು ಕೋಟಿ ಅಂತಾರಲ್ಲ, ನಿಜನಾ?"

ಚೆನ್ನಕೇಶವನ ಮುಖ ಬಾಡಿತು. ಕೈಗೆ ಬಂದ ತುತ್ತು ಬಾಯಿಗೆ ಬರುವಂತಿರಲಿಲ್ಲ. ನಿಜವೆಂದರೆ ಸುಳ್ಳಾಗುತ್ತದೆ, ಸುಳ್ಳೆಂದರೆ ಪಾರ್ಟಿಯ ಗುಟ್ಟು ರಟ್ಟಾಗುತ್ತದೆ. ಅವನು ಎಳನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳೋ ಹಂಗಿಲ್ಲ. ಬೇರೆ ಏನಾದ್ರೂ ಕೇಳಿ."

"ನಂಗೆ ಬೇರೆ ಏನೂ ಬ್ಯಾಡವಲ್ಲ ಸಾರ್."

"ವ್ಯಾಟ್ ಬಗ್ಗೆ ಏನಾದ್ರೂ..."

ಮುನಿಶಾಮಪ್ಪ ಎದ್ದು ಹೊರಗೆ ಬಂದ. ಕನಕಲಕ್ಷ್ಮಿ ಅವನ ಮುಖ ನೋಡಿ, "ಕೂತ್ಕೊಳ್ಳಿ ಅಣ್ಣ. ಗೌರಿಬಿದನೂರಿಂದ ಬಂದಿದೀರಿ, ಇಷ್ಟು ಬೇಗ ಹೊರಟ್ರೆ ಹೆಂಗೆ?" ಎಂದಳು. ಎಷ್ಟೋ ತಿಂಗಳ ಮೇಲೆ ಆಕೆಯ ಎದುರಿನ ಕುರ್ಚಿಯಲ್ಲಿ ಒಬ್ಬರು ಕೂತರು. ಮಗಳು ಏನು ಓದಿದ್ದಾಳೆ, ಹೆಂಡತಿಗೆ ಸಕ್ಕರೆ ಕಾಯಿಲೆಯಂತೆ ಎಷ್ಟಿದೆ, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಉಂಟೋ ಎಂದು ಮಾತು ಹರಿಯಿತು. ಮುನಿಶಾಮಪ್ಪ ಕೊನೆಗೆ ಹುಡುಗನ ವಿಷಯ ತೆಗೆದ.

"ಲೆಕ್ಕದ ಮಾತು ನನ್ನ ಕೇಳ್ಬೇಡಿ," ಎಂದಳು ಕನಕಲಕ್ಷ್ಮಿ. "ಹುಡುಗನ ಮಾತು ಬೇಕಾದ್ರೆ ಹೇಳ್ತೀನಿ. ಹೋದ ವರ್ಷ ಮಿಲ್ಲಲ್ಲಿ ಒಬ್ಬ ಆಳಿನ ಕೈ ಬೆಲ್ಟಿಗೆ ಸಿಕ್ತು. ಈ ಹುಡುಗ ಅವನ ಜೊತೆ ಆಸ್ಪತ್ರೇಲೇ ಮಲಗಿದ್ದ. ವಾಸಿಯಾಗೋವರೆಗೂ ಅವನ ಮನೆಗೆ ಸಂಬಳ ತಾನೇ ತಗೊಂಡೋಗಿ ಕೊಟ್ಟ. ಕುಡಿಯಲ್ಲ, ಇಸ್ಪೀಟಿಲ್ಲ. ತೂಕದಲ್ಲಿ ಮೋಸ ಇಲ್ಲ ಅಂತ ರೈತ್ರೇ ಹೇಳ್ತಾರೆ."

"ಅವರಪ್ಪ?"

ಆಕೆ ನಕ್ಕಳು. "ಅವರಪ್ಪ ಹೇಳಿದ್ರಲ್ಲಿ ಒಂದಿಷ್ಟು ಕಳೀರಿ. ಎಷ್ಟು ಅಂತ ಕೇಳ್ಬೇಡಿ. ಕಳೆದ ಮೇಲೂ ಮನೆ ಒಳ್ಳೇದೇ."

ಮುನಿಶಾಮಪ್ಪನೂ ನಕ್ಕ. ಹೋಗುವಾಗ ಅವನ ಮುಖ ಹಗುರವಾಗಿತ್ತು. ಮದುವೆ ಗೊತ್ತಾಯಿತು.

ಕೋನಪ್ಪ ಲಾಡು ಹೊತ್ತು ಬಂದ. ಕನಕಲಕ್ಷ್ಮಿಗೆ ಶಿಡ್ಲಘಟ್ಟದ ಕಡೆಯ ನೆಂಟರಿಂದ ತರಿಸಿದ ರೇಷ್ಮೆ ಸೀರೆ ಕೊಟ್ಟು, "ನಿಮ್ಮ ಬಾಯಲ್ಲಿ ಅಮೃತ ಇದೆ ಕಣಮ್ಮ," ಎಂದ. ಹೆಂಡತಿಯನ್ನು ಕಳೆದುಕೊಂಡ ಮೇಲೆ ಮನೆಯಲ್ಲಿ ಒಂದು ಶುಭಕಾರ್ಯ ನಡೆಯುತ್ತದೆಂದು ಅವನು ಅಂದುಕೊಂಡೇ ಇರಲಿಲ್ಲವಂತೆ.  ಗಂಗರಾಜುವಿನ ಬಾಯಿಗೂ ತಾನೇ ಲಾಡು ತುರುಕಿದ.

ಚೆನ್ನಕೇಶವ ಗಾಜಿನ ಹಿಂದಿನಿಂದ ಎಲ್ಲವನ್ನೂ ನೋಡಿದ. ಅವನು ದಡ್ಡನಲ್ಲ, ಈ ಕಚೇರಿಯಲ್ಲಿ 'ಸಲಹೆ'ಗಿಂತ ಬೆಲೆಬಾಳುವುದು ಏನೋ ಇದೆ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಆ ದಿನ ಅವನು ಮನಸಾರೆ ಕನಕಲಕ್ಷ್ಮಿಯನ್ನು ಗೌರವಿಸಿದ. ತನಗೆ ಗೊತ್ತಿದ್ದ ರೀತಿಯಲ್ಲೇ ಗೌರವಿಸಿದ. ಸೋಮವಾರ ಬೆಳಿಗ್ಗೆ ಬೋರ್ಡಿನಲ್ಲಿ, ಎಲ್ಲಕ್ಕಿಂತ ಮೇಲೆ, ಐದನೆಯ ಸಾಲು ಬಂದಿತ್ತು: ಕುಶಲ ಸಂಭಾಷಣೆ. ಅದು ಆಕೆಯ ಹೆಸರಿಗೆ ಮಾತ್ರ. ದರ ಅವನ ಸಲಹೆಗಿಂತಲೂ ಹೆಚ್ಚು.

"ಏನಂತೀರಿ ಕನಕಮ್ಮೋರೇ?" ಎಂದು ಅವನು ನಗುಮುಖದಿಂದ ಕೇಳಿದ. "ಈಗ ಈ ಆಫೀಸಲ್ಲಿ ನಿಮ್ದೇ ದೊಡ್ಡ ರೇಟು."

ಕನಕಲಕ್ಷ್ಮಿ ಏನೂ ಅನ್ನಲಿಲ್ಲ. ಅನ್ನುವುದಕ್ಕೂ ದರವಿತ್ತು.

ಅಂದಿನಿಂದ ಜನ ಆಕೆಯ ಮೇಜಿನ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗತೊಡಗಿದರು. ಹತ್ತಾರು ವರ್ಷಗಳಿಂದ "ಚೆನ್ನಾಗಿದೀರಾ ಅಕ್ಕ?" ಎಂದು ಕೇಳುತ್ತಿದ್ದವರು ಕೈಸನ್ನೆಯಲ್ಲಿ ನಮಸ್ಕಾರ ಮಾಡಿ ಗಂಗರಾಜುವಿನ ಹಿಂದೆ ಸಾಲುಗಟ್ಟಿದರು. ಒಮ್ಮೆ ಆಕೆ ಅಭ್ಯಾಸಬಲದಿಂದ ಒಬ್ಬ ಮುದುಕನಿಗೆ "ಮೊಮ್ಮಗಳು ಪಾಸಾದ್ಳಾ?" ಎಂದುಬಿಟ್ಟಳು. ಮುದುಕ ಗಾಬರಿಯಿಂದ, "ನಾನು ಕೇಳಿಲ್ಲಮ್ಮ, ನೀವೇ ಕೇಳಿದ್ದು," ಎಂದು ಸಾಕ್ಷಿಗಾಗಿ ಸುತ್ತ ನೋಡಿದ. ಆಕೆಯ ಕಣ್ಣು ತುಂಬಿತು.

ಆ ತಿಂಗಳ ಕೊನೆಗೆ ಆಕೆ ಗಾಜಿನ ಕೋಣೆಗೆ ಹೋದಳು.

"ಸಾರ್, ನಾನು ಬಿಡ್ತೀನಿ."

"ಯಾಕಮ್ಮ? ರೇಟು ಸಾಲ್ದಾ? ಇನ್ನೂ ಏರಿಸೋಣ."

"ಜಾಸ್ತಿಯಾಗಿ ಹೋಯ್ತು ಸಾರ್," ಎಂದಳು ಕನಕಲಕ್ಷ್ಮಿ. "ನನ್ನ ಮಾತು ನನಗೇ ಕೊಳ್ಳೋಕಾಗ್ತಿಲ್ಲ."

ಚೆನ್ನಕೇಶವನಿಗೆ ಅದು ಅರ್ಥವಾಗಲಿಲ್ಲ. ಆದರೂ ಆಕೆ ಮೆಟ್ಟಿಲಿಳಿಯುವ ಸದ್ದನ್ನು ಕೊನೆಯ ಮೆಟ್ಟಿಲಿನವರೆಗೂ ಕೇಳಿದ. ಮುಂದಿನ ತಿಂಗಳು ಗಂಗರಾಜುವೂ ಹೋದ. ಇಬ್ಬರೂ ಮಾರ್ಕೆಟ್ ಯಾರ್ಡಿನ ಎದುರು, ಟೈರ್ ಅಂಗಡಿಯ ಪಕ್ಕದ ಕೋಣೆಯಲ್ಲಿ ಎರಡು ಮೇಜು ಹಾಕಿ ಕೂತರು. ಕೋನಪ್ಪ ಪೂಜೆಗೆ ಒಂದು ಡಬ್ಬ ಎಣ್ಣೆ ಕಳಿಸಿದ. ಅಮ್ಮಾಜಮ್ಮ ಪೆರೇಸಂದ್ರದಿಂದ ಬಂದು, ಗೋಡೆಗಳ ಮೇಲೆ ಏನೂ ಬರೆದಿಲ್ಲವೆಂದು ನೋಡಿ ಖಾತ್ರಿಮಾಡಿಕೊಂಡು ಕೂತಳು.

ಚೆನ್ನಕೇಶವ ಇಬ್ಬರು ಹೊಸಬರನ್ನು ತೆಗೆದುಕೊಂಡ. ಒಬ್ಬನಿಗೆ ಟೈಪಿಂಗ್ ಬಿಟ್ಟು ಏನೂ ಬರುತ್ತಿರಲಿಲ್ಲ. ಇನ್ನೊಬ್ಬನಿಗೆ ಏನೂ ಬಾರದಿದ್ದರೂ ಸಲಹೆ ಧಾರಾಳವಾಗಿ ಬರುತ್ತಿತ್ತು. ದರಪಟ್ಟಿಗೆ ಇಷ್ಟು ಚೆನ್ನಾಗಿ ಹೊಂದುವ ನೌಕರರು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಪಾರ್ಟಿಗಳೇ ಕಡಿಮೆಯಾಗಿದ್ದರು. ಓಡಾಟಕ್ಕೆ ಮಾತ್ರ ಇಬ್ಬರೂ ಒಪ್ಪಲಿಲ್ಲ, ಅದು ತಮ್ಮ ಅರ್ಹತೆಗೆ ಕಡಿಮೆ ದರವೆಂದರು. ಹಾಗಾಗಿ ಓಡಾಟ ಅವನ ಪಾಲಿಗೇ ಬಂತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವನು ಬ್ಯಾಂಕಿನಲ್ಲಿ ಚಲನ್ ಕಟ್ಟುವ ಸಾಲಿನಲ್ಲಿ ನಿಂತಿದ್ದ. ಅವನ ಮುಂದೆ ಇದ್ದವನು ಗಂಗರಾಜು. ಇಬ್ಬರೂ ಒಂದು ಕ್ಷಣ ತಬ್ಬಿಬ್ಬಾದರು.

"ಚೆನ್ನಾಗಿದೀಯಾಪ್ಪ?"

"ಇದೀನಿ ಸಾರ್. ನೀವು?"

"ಇದೀನಿ."

 ಸಾಲು ಸರಿಯಲಿಲ್ಲ, ಕೌಂಟರಿನವನು ಎಲ್ಲೋ ಎದ್ದು ಹೋಗಿದ್ದ. ಚೆನ್ನಕೇಶವ ಗೋಡೆಯ ಕ್ಯಾಲೆಂಡರು ನೋಡಿದ, ಫ್ಯಾನು ನೋಡಿದ. ಆಮೇಲೆ ಬೇಡಬೇಡವೆಂದರೂ ಕಣ್ಣು ಗಂಗರಾಜುವಿನ ಕೈಯಲ್ಲಿದ್ದ ಚಲನಿನ ಮೇಲೆ ಹೋಯಿತು. ಫೆಬ್ರವರಿಯ ತೆರಿಗೆಗೆ ಜನವರಿ ಎಂದು ಬರೆದಿತ್ತು. ಅದು ಅಮ್ಮಾಜಮ್ಮನದು. ಕಟ್ಟಿಬಿಟ್ಟರೆ ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕು. ತನ್ನನ್ನು ಬಿಟ್ಟು ಹೋದ ಪಾರ್ಟಿ, ತನ್ನನ್ನು ಬಿಟ್ಟು ಹೋದ ನೌಕರ. ಚೆನ್ನಕೇಶವ ಮತ್ತೆ ಫ್ಯಾನಿನ ಕಡೆ ನೋಡಿದ. ಕೌಂಟರಿನವನು ಬಂದು ಕೂತ. ಸಾಲು ಒಂದು ಹೆಜ್ಜೆ ಸರಿಯಿತು, ಇನ್ನೊಂದು ಹೆಜ್ಜೆ ಸರಿಯಿತು.

"ಏ ಗಂಗರಾಜು," ಎಂದ ಅವನು, ತಡೆಯಲಾರದೆ. "ತಿಂಗಳು ತಪ್ಪಾಗಿದೆ ಕಣೋ."

ಗಂಗರಾಜು ಚಲನ್ ನೋಡಿ ಹೌಹಾರಿದ. ಜೇಬು ತಡಕಿದ, ಪೆನ್ನಿರಲಿಲ್ಲ. ಚೆನ್ನಕೇಶವ ತನ್ನ ಪೆನ್ನು ಕೊಟ್ಟು, ಅವನು ಹೊಸ ಚಲನ್ ಬರೆದು ಮುಗಿಸುವವರೆಗೆ ಹಿಂದೆ ನಿಂತವರಿಂದ ಬೈಸಿಕೊಳ್ಳುತ್ತ ಸಾಲಿನಲ್ಲಿ ಅವನ ಜಾಗ ಹಿಡಿದುಕೊಂಡಿದ್ದ.